ಅಪ್ಪನಿಗೆ ಫ್ಲೂ ಲಸಿಕೆ: ಸಾದಾ ಡೋಸೋ, ಹೆಚ್ಚಿನ ಡೋಸೋ?

ಕೇಳಿದವರು, ಕಲಬುರಗಿ: ಅಪ್ಪನಿಗೆ 72, ಸಕ್ಕರೆ ಕಾಯಿಲೆ ಇದೆ. ಹೆಚ್ಚಿನ ಡೋಸನ್ನೇ ಹಾಕಿಸು ಎಂದು ಅಮೆರಿಕದಲ್ಲಿರುವ ತಮ್ಮ ಹಟ ಹಿಡಿದಿದ್ದಾನೆ. ನಾನು ವಿಚಾರಿಸಿದ ಕಡೆಯೆಲ್ಲ ಸಾದಾ ಡೋಸ್ ಮಾತ್ರ ಇದೆ. ಕಾಯಲೇ? ಹಾಕಿಸಿದವರು ತಿಳಿಸಿ.

ಬೀದರಿನ ಮಗಳು: ತಾಯಿ ನ್ಯೂಜೆರ್ಸಿಯ ಅಣ್ಣನ ಮನೆಗೆ ಹೋಗಿದ್ದಾಗ ಹೆಚ್ಚಿನ ಡೋಸ್ ಹಾಕಿಸಿದೆವು. ಸಾದಾ ಲಸಿಕೆಯಲ್ಲಿ ಪ್ರತಿ ವೈರಸ್ ತಳಿಗೆ 15 ಮೈಕ್ರೋಗ್ರಾಂ ಆಂಟಿಜೆನ್ (ದೇಹದಲ್ಲಿ ರಕ್ಷಣೆ ಹುಟ್ಟಿಸುವ ಅಂಶ), ಹೆಚ್ಚಿನ ಡೋಸಿನಲ್ಲಿ 60. ತೋಳು ಊದಿ, ತಲೆ ಬಾಚಿಕೊಳ್ಳಲು ಕೈ ಎತ್ತಲಾಗದೆ ನರಳಿದರು. ಆದರೂ ಆ ಚಳಿಗಾಲ ಜ್ವರ ಸುಳಿಯಲಿಲ್ಲ. 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 65 ದಾಟಿದವರಿಗೆ ಸಾದಾ ಡೋಸಿಗಿಂತ ಶೇ. 24ರಷ್ಟು ಹೆಚ್ಚು ರಕ್ಷಣೆ ಸಿಕ್ಕಿದೆ. ಅರೆಬರೆ ಲಸಿಕೆಗೆ ದುಡ್ಡು ಸುರಿಯಬೇಡಿ.

ಸುರಪುರದ ನಿವೃತ್ತ ಶಿಕ್ಷಕ: ಅರೆಬರೆ ಎನ್ನಬೇಡಿ ತಂಗಿ! ನಮ್ಮ ಮನೆಯವರು ಸೂಜಿಯೇ ಬೇಡವೆಂದು ಕುಳಿತರು. ಫ್ಲೂ ನ್ಯುಮೋನಿಯಾಕ್ಕೆ ತಿರುಗಿತು. ಐಸಿಯು ದಿನಕ್ಕೆ 18,000, ಆಕ್ಸಿಜನ್ ಬೇರೆ, ಸ್ಕ್ಯಾನ್ 4,500, ಆಂಬುಲೆನ್ಸ್‌ಗೆ 6,000. ಪಾಟಲಿ ಅಡವಿಟ್ಟೆ, ಇನ್ನೂ ಬಿಡಿಸಿಕೊಂಡಿಲ್ಲ. ನಾನು ಪ್ರತಿ ವರ್ಷ ಸಾದಾ ಡೋಸ್ ಹಾಕಿಸಿಕೊಳ್ಳುತ್ತೇನೆ, 1,850 ರೂಪಾಯಿ. ಅದೇ ಜ್ವರ ಮನೆಯಲ್ಲಿದ್ದರೂ ನನಗೆ ತಟ್ಟಲಿಲ್ಲ. ಡೆನ್ಮಾರ್ಕ್‌ನಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಹಿರಿಯರಲ್ಲಿ ಎರಡೂ ಡೋಸ್ ಹೋಲಿಸಿದರು. ಫ್ಲೂ ಅಥವಾ ನ್ಯುಮೋನಿಯಾದಿಂದ ಆಸ್ಪತ್ರೆ ಸೇರಿದವರ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸವಿಲ್ಲವೆಂದು 2025ರಲ್ಲಿ ವರದಿಯಾಗಿದೆ.

ಬೀದರಿನ ಮಗಳು: ಪರೀಕ್ಷೆಯಲ್ಲಿ ಖಚಿತಪಟ್ಟ ಫ್ಲೂನಿಂದ ಆಸ್ಪತ್ರೆ ಸೇರಿದವರು ಅದೇ ಅಧ್ಯಯನದ ಹೆಚ್ಚಿನ ಡೋಸಿನ ಗುಂಪಿನಲ್ಲಿ ಕಡಿಮೆ. ಅದನ್ನೇಕೆ ನುಂಗಿಕೊಂಡಿರಿ, ಮಾಸ್ತರರೇ?

ಶಹಾಪುರದ ಔಷಧ ಅಂಗಡಿಯವರು: ಲಸಿಕೆ 2ರಿಂದ 8 ಡಿಗ್ರಿಯಲ್ಲಿರಬೇಕು. ಮೇ ತಿಂಗಳಲ್ಲಿ ಕರೆಂಟ್ ಹೋದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ. ಇನ್ವರ್ಟರ್, ಬ್ಯಾಟರಿ ಎಂದು 32,000 ಹಾಕಿದ್ದೇನೆ. ಗಿರಾಕಿಗಳು ಸಿರಿಂಜನ್ನು ಅಂಗಿ ಜೇಬಿಗೆ ಹಾಕಿಕೊಂಡು ಬಿಸಿಲಿಗೆ ಹೊರಡುತ್ತಾರೆ! ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿದರೂ ಕೆಟ್ಟಿತು. ಐಸ್ ಪ್ಯಾಕ್ ಬೇಡವೆಂದವರಿಗೆ ನಾನು ಕೊಡುವುದೇ ಇಲ್ಲ.

ಆಳಂದದ ಸೊಸೆ: ಐಸ್ ಪ್ಯಾಕಿಗೆ 80 ರೂಪಾಯಿ ಕೀಳುವವರೂ ನಿಮ್ಮವರೇ. ಇನ್ನು, ದೂರದಲ್ಲಿರುವ ಗಂಡುಮಕ್ಕಳು ಫೋನಿನಲ್ಲಿ ಡೋಸ್ ತೀರ್ಮಾನಿಸುತ್ತಾರೆ. ಮಾವನವರಿಗೆ ಜ್ವರ ಬಂದಾಗ ಅಂಬಲಿ ಕುಡಿಸಿ, ನಡುರಾತ್ರಿ ಹಾಸಿಗೆ ಬದಲಿಸಿದವಳು ನಾನು. ಮೈದುನ ಕಳಿಸಿದ್ದು ಲೇಖನಗಳ ಲಿಂಕು!

ಸುರಪುರದ ನಿವೃತ್ತ ಶಿಕ್ಷಕ: ಸರಿಯಾಗಿ ಹೇಳಿದಿರಿ ತಾಯಿ. ಕಲಬುರಗಿಯವರೇ, ಸಿಕ್ಕಿದ್ದನ್ನು ಬೇಗ ಹಾಕಿಸಿ. ರಕ್ಷಣೆ ಮೈಗೂಡಲು ಎರಡು ವಾರ ಬೇಕು.

ಬೀದರಿನ ಮಗಳು: ಎಲ್ಲ ಅಣ್ಣಂದಿರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ತಾಯಿಯ ಪ್ರವಾಸ ವಿಮೆ ಲಸಿಕೆಗೆ ಬರಲಿಲ್ಲ, ಪೂರ್ತಿ ಹಣ ಅವನೇ ಕಟ್ಟಿದ.

ಆಳಂದದ ಸೊಸೆ: ಹಣ ಕಟ್ಟಿದ. ತೋಳು ಊದಿದಾಗ ತಾಯಿಯ ತಲೆ ಬಾಚಿದವರು ಯಾರು, ಅದನ್ನೂ ಹೇಳಿ.