ಸಹಾಯ ಬೇಕು: ಅಪ್ಪನ ಪ್ರಾಸ್ಟೇಟ್‌ಗೆ ಮಾತ್ರೆ ಸಾಕೇ, ಶಸ್ತ್ರಚಿಕಿತ್ಸೆಯೇ ಬೇಕೇ?

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 71 ವರ್ಷ, ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿದ್ದಾರೆ. ರಾತ್ರಿ ಐದಾರು ಸಲ ಮೂತ್ರಕ್ಕೆ ಏಳುತ್ತಿದ್ದರೂ ಸಂಕೋಚಪಟ್ಟು ಎರಡು ವರ್ಷ ಯಾರಿಗೂ ಹೇಳಲಿಲ್ಲ. ಕಳೆದ ತಿಂಗಳು ಮೂತ್ರ ಪೂರ್ತಿ ಕಟ್ಟಿಕೊಂಡಿತು. ನಡುರಾತ್ರಿ ಶಿವಮೊಗ್ಗಕ್ಕೆ ಓಡಿ ಕ್ಯಾತಿಟರ್ (ಮೂತ್ರ ಹೊರಬರಲು ಹಾಕುವ ನಳಿಕೆ) ಹಾಕಿಸಿದೆವು. ಆ ದಾರಿ ಅಷ್ಟು ಉದ್ದವಿದೆ ಎಂದು ನನಗೆ ಅವತ್ತೇ ಗೊತ್ತಾಗಿದ್ದು.

ಸ್ಕ್ಯಾನಿಂಗ್‌ನಲ್ಲಿ ಪ್ರಾಸ್ಟೇಟ್ ಗ್ರಂಥಿ ಸುಮಾರು 85 ಗ್ರಾಂ ಬಂದಿದೆ, ಅಂದರೆ ಚೆನ್ನಾಗಿಯೇ ದೊಡ್ಡದಾಗಿದೆ. ಕ್ಯಾನ್ಸರ್ ಅನುಮಾನವಿಲ್ಲ ಎಂದಿದ್ದಾರೆ. ಈಗ ಕ್ಯಾತಿಟರ್ ತೆಗೆದು ಟ್ಯಾಮ್ಸುಲೋಸಿನ್, ಡುಟಾಸ್ಟರೈಡ್ ಎರಡನ್ನೂ ಕೊಟ್ಟಿದ್ದಾರೆ. ಮೊದಲನೆಯದರಿಂದ ಹರಿವು ಬೇಗ ಸಲೀಸಾಯಿತು, ಆದರೆ ಹಾಸಿಗೆಯಿಂದ ಎದ್ದರೆ ತಲೆ ಸುತ್ತುತ್ತದೆ. ಎರಡನೆಯದು ಗ್ರಂಥಿಯನ್ನು ಕುಗ್ಗಿಸಲು ಆರು ತಿಂಗಳಾದರೂ ಬೇಕಂತೆ. ಅಷ್ಟರಲ್ಲಿ ಮತ್ತೆ ಕಟ್ಟಿಕೊಂಡರೆ?

ಒಬ್ಬ ವೈದ್ಯರು ಟಿಯುಆರ್‌ಪಿ (ಮೂತ್ರನಾಳದ ಮೂಲಕ ಉಪಕರಣ ತೂರಿಸಿ ಗ್ರಂಥಿಯನ್ನು ಕೆರೆದು ತೆಗೆಯುವ ಶಸ್ತ್ರಚಿಕಿತ್ಸೆ) ಮಾಡಿಸಿ ಎನ್ನುತ್ತಾರೆ. ಇನ್ನೊಬ್ಬರು, ಗ್ರಂಥಿ ದೊಡ್ಡದಿರುವುದರಿಂದ ಹೋಲೆಪ್ (ಬೆಳೆದ ಭಾಗವನ್ನು ಲೇಸರ್‌ನಿಂದ ಬಿಡಿಸಿ ತೆಗೆಯುವ ಶಸ್ತ್ರಚಿಕಿತ್ಸೆ) ಒಳ್ಳೆಯದು, ರಕ್ತಸ್ರಾವವೂ ಕಡಿಮೆ ಎನ್ನುತ್ತಾರೆ. ಅಪ್ಪನ ಹೃದಯಕ್ಕೆ ಸ್ಟೆಂಟ್ ಹಾಕಿದೆ, ರಕ್ತ ಹೆಪ್ಪುಗಟ್ಟದಂತೆ ಕ್ಲೋಪಿಡೋಗ್ರೆಲ್ ನುಂಗುತ್ತಾರೆ. ನನ್ನ ಭಯವೆಲ್ಲ ಅದರದ್ದೇ. ಮಾತ್ರೆ ನಿಲ್ಲಿಸುವ ವಿಚಾರವನ್ನು ಹೃದಯದ ವೈದ್ಯರ ಬಳಿಯೇ ಕೇಳುತ್ತೇನೆ, ಇಲ್ಲಿ ಅದಕ್ಕೆ ಉತ್ತರ ಬೇಡ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹೋಲೆಪ್ ಆಗಿದ್ದರೆ ತಿಳಿಸಿ: ಕ್ಯಾತಿಟರ್ ಎಷ್ಟು ದಿನ ಇತ್ತು? ಆಮೇಲೆ ಮೂತ್ರ ಸೋರುವುದು ಎಷ್ಟು ಕಾಲ ಕಾಡಿತು? ಒಟ್ಟು ಖರ್ಚೆಷ್ಟು? ಶಿವಮೊಗ್ಗ, ಮಣಿಪಾಲ, ಮಂಗಳೂರು ಯಾವುದಾದರೂ ಸರಿ. ಪಕ್ಕದ ಮನೆಯವರು ಹೇಳಿದ ಕಷಾಯ ಈಗಾಗಲೇ ಒಲೆಯ ಮೇಲಿದೆ, ದಯವಿಟ್ಟು ಇನ್ನೊಂದನ್ನು ಸೂಚಿಸಬೇಡಿ.