ಜಗಳವಿಲ್ಲದೆ ಡೈವೋರ್ಸ್: ಒಪ್ಪಂದದಲ್ಲಿ ಅಪ್ಪ ಏನೇನು ಬರೆಸಬೇಕು?

ಮಲೆನಾಡಿನ ಅಪ್ಪ:
ಇಬ್ಬರೂ ಒಪ್ಪಿಯೇ ಬೇರೆಯಾಗುತ್ತಿದ್ದೇವೆ. ಹಿಂದೂ ವಿವಾಹ ಕಾಯ್ದೆ, ಬೆಂಗಳೂರು. 7 ವರ್ಷದ ಮಗಳು ಅಮ್ಮನ ಜೊತೆ ಇರುತ್ತಾಳೆ. ಫ್ಲ್ಯಾಟ್ ಇಬ್ಬರ ಹೆಸರಲ್ಲಿದೆ, ಸಾಲ ತೀರಿಲ್ಲ. ಅದನ್ನು ಅವರಿಗೇ ಬಿಟ್ಟುಕೊಡುವ ಮನಸ್ಸಿದೆ. ಯಾರಿಗೂ ಅನ್ಯಾಯ ಆಗಬಾರದು, ಮಗಳು ನನಗೆ ದೂರವೂ ಆಗಬಾರದು. ಏನೇನು ಬರೆಸಲಿ?

ವಕೀಲೆ, ಮೈಸೂರು:
ಸರ್, 13ಬಿ ಕಲಂ ಅಡಿ ಜಂಟಿ ಅರ್ಜಿ ಹಾಕಲು ಒಂದು ವರ್ಷ ಬೇರೆ ಇದ್ದಿರಬೇಕು. ಮೊದಲ ಮೋಷನ್ (ಅರ್ಜಿ ಹಾಕಿ ಕೋರ್ಟಿನಲ್ಲಿ ಇಬ್ಬರೂ ಒಪ್ಪಿಗೆ ಹೇಳುವ ಮೊದಲ ಹಂತ) ಆದ ಮೇಲೆ 6 ತಿಂಗಳು ಕಾಯಬೇಕು. ಮೊದಲ ಮೋಷನ್‌ಗೂ ಮುಂಚೆಯೇ ಒಂದೂವರೆ ವರ್ಷ ಬೇರೆ ಇದ್ದು, ರಾಜಿ ಸಾಧ್ಯವಾಗದೆ, ಜೀವನಾಂಶ ಮತ್ತು ಮಗುವಿನ ವಿಷಯ ಇತ್ಯರ್ಥವಾಗಿದ್ದರೆ ಈ 6 ತಿಂಗಳನ್ನು ಮನ್ನಾ ಮಾಡಲು ಕೇಳಬಹುದು. ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆ.

ಎರಡನೇ ಮೋಷನ್‌ವರೆಗೆ, ಅಂದರೆ ಕಾಯುವ ಅವಧಿಯ ನಂತರ ಇಬ್ಬರೂ ಕೋರ್ಟಿನಲ್ಲಿ ಮತ್ತೆ ಒಪ್ಪಿಗೆ ಹೇಳುವವರೆಗೆ, ಯಾರು ಬೇಕಾದರೂ ಒಪ್ಪಿಗೆ ಹಿಂಪಡೆಯಬಹುದು. ಹಾಗಾಗಿ ಹಣ ಪೂರ್ತಿ ಮೊದಲೇ ಕೊಡಬೇಡಿ, ಪೂರ್ತಿ ಕೊನೆಗೂ ಇಟ್ಟುಕೊಳ್ಳಬೇಡಿ. ಅರ್ಧ ಮೊದಲ ಮೋಷನ್ ದಿನ, ಇನ್ನರ್ಧ ಎರಡನೆಯ ದಿನ ನ್ಯಾಯಾಧೀಶರ ಎದುರೇ ಡಿಡಿ ಮೂಲಕ. ಒಡವೆ, ಪಾತ್ರೆಗಳ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿ. ಒಡವೆ ಹೆಂಡತಿಯ ಸ್ತ್ರೀಧನ, ಅಂದರೆ ಅವರದೇ ಸ್ವಂತ ಸ್ವತ್ತು, ಜೀವನಾಂಶದ ಲೆಕ್ಕಕ್ಕೆ ಸೇರಿಸಬೇಡಿ.

ಮಕ್ಕಳ ಸಮಾಲೋಚಕಿ:
"ಅನುಕೂಲವಾದಾಗ ಭೇಟಿ" ಅಂತ ಮಾತ್ರ ಬರೆಸಬೇಡಿ. ಅನುಕೂಲ ಯಾರದ್ದು ಎಂಬಲ್ಲೇ ಜಗಳ ಶುರು. ದಿನ, ಗಂಟೆ, ಜಾಗ ಎಲ್ಲ ಹಾಕಿ: ವಾರ ಬಿಟ್ಟು ವಾರ ಶನಿವಾರ ಬೆಳಿಗ್ಗೆ 10ರಿಂದ ಭಾನುವಾರ ಸಂಜೆ 6ರವರೆಗೆ, ಕರೆದೊಯ್ಯುವುದೂ ಬಿಡುವುದೂ ಅಪ್ಪ. ದಸರಾ ರಜೆ ಅರ್ಧರ್ಧ, ಬೇಸಿಗೆ ರಜೆಯಲ್ಲಿ ಮೂರು ವಾರ. ದೀಪಾವಳಿ ಒಂದು ವರ್ಷ ಅಲ್ಲಿ, ಮರುವರ್ಷ ಇಲ್ಲಿ. ಮಗುವಿಗೆ ಜ್ವರ ಬಂದು ಭೇಟಿ ತಪ್ಪಿದರೆ ಮುಂದಿನ ವಾರ ಸರಿದೂಗಿಸುವುದನ್ನೂ ಬರೆಸಿ. ಶಾಲೆಯ ದಾಖಲೆಯಲ್ಲಿ ಇಬ್ಬರ ಫೋನ್ ನಂಬರ್ ಇರಲಿ.

ಶುಲ್ಕ ನೇರ ಶಾಲೆಗೇ ಕಟ್ಟಿ. ತಿಂಗಳ ಖರ್ಚಿಗೆ ವರ್ಷಕ್ಕಿಷ್ಟು ಶೇಕಡಾ ಏರಿಕೆ ಅಂತ ಈಗಲೇ ನಿಗದಿ ಮಾಡಿ, ಇಲ್ಲದಿದ್ದರೆ ಪ್ರತಿ ವರ್ಷ ಚೌಕಾಸಿ. ಭೇಟಿ ತಪ್ಪಿತೆಂದು ದುಡ್ಡು ನಿಲ್ಲಿಸಬೇಡಿ, ಅವೆರಡೂ ಬೇರೆ ಬೇರೆ. ಆ ದುಡ್ಡು ಮಗುವಿನದು.

ಬ್ಯಾಂಕ್ ಸಾಲ ವಿಭಾಗ:
ಫ್ಲ್ಯಾಟ್ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. "ಇನ್ನು ಕಂತು ಹೆಂಡತಿಯದು" ಅಂತ ಕೋರ್ಟ್ ಒಪ್ಪಂದದಲ್ಲಿದ್ದರೂ ಬ್ಯಾಂಕಿಗೆ ನೀವಿಬ್ಬರೂ ಸಾಲಗಾರರೇ. ಅವರು ಕಟ್ಟದಿದ್ದರೆ ನಿಮ್ಮ ಸಿಬಿಲ್ ಸ್ಕೋರೂ ಬೀಳುತ್ತದೆ. ಅವರೊಬ್ಬರ ಆದಾಯದ ಮೇಲೆ ಸಾಲ ವರ್ಗಾಯಿಸಲು ಬ್ಯಾಂಕ್ ಒಪ್ಪುತ್ತದೆಯೇ ಎಂದು ಮೊದಲು ಲಿಖಿತವಾಗಿ ಕೇಳಿ. ಒಪ್ಪದಿದ್ದರೆ ಮಾರಿ, ಸಾಲ ತೀರಿಸಿ, ಉಳಿದದ್ದು ಹಂಚಿಕೊಳ್ಳುವುದೇ ವಾಸಿ. ಒಪ್ಪಿದರೆ, ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಪಡೆದು, ಡಿಕ್ರಿಗೆ (ಕೋರ್ಟಿನ ಅಂತಿಮ ಡೈವೋರ್ಸ್ ಆದೇಶಕ್ಕೆ) ಮುಂಚೆ ಗಂಡ-ಹೆಂಡತಿಯಾಗಿರುವಾಗಲೇ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನಿಮ್ಮ ಪಾಲನ್ನು ದಾನಪತ್ರದ ಮೂಲಕ ನೋಂದಾಯಿಸಿಕೊಡಿ. ಕುಟುಂಬದೊಳಗಿನ ದಾನಕ್ಕೆ ಮುದ್ರಾಂಕ ಶುಲ್ಕ ತೀರಾ ಕಡಿಮೆ, ಡಿಕ್ರಿ ಆದಮೇಲೆ ಆ ಸಂಬಂಧವೇ ಇರುವುದಿಲ್ಲ.

ಮಲೆನಾಡಿನ ಅಪ್ಪ:
ಧನ್ಯವಾದ. ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಅಂತ ಕೇಳಬಹುದಾ?

ವಕೀಲೆ, ಮೈಸೂರು:
ಕೇಳಬಹುದು. ನಮ್ಮ ಹೈಕೋರ್ಟ್ 2013ರಲ್ಲಿ ಒಂದು ಪ್ರಕರಣದಲ್ಲಿ ಹಾಗೇ ಹಂಚಿ ಕೊಟ್ಟಿದೆ. ಆದರೆ ಎರಡೂ ಮನೆ ಒಂದೇ ಶಾಲೆಗೆ ಹತ್ತಿರವಿದ್ದರೆ ಮಾತ್ರ ಮಗುವಿಗೆ ಸಲೀಸು. ಪಾಸ್‌ಪೋರ್ಟ್‌ಗೆ ಇಬ್ಬರ ಒಪ್ಪಿಗೆ ಹೇಗೆ, ಊರು ಬಿಡುವುದಿದ್ದರೆ ಎಷ್ಟು ದಿನ ಮೊದಲು ತಿಳಿಸಬೇಕು, ಇವೆರಡನ್ನೂ ಸೇರಿಸಿ.