ರೋಮ್‌ನಲ್ಲಿ ಒಂದೇ ದಿನ: ಗುಮ್ಮಟ ಹತ್ತಬಹುದಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಾನು, ನನ್ನ ಹೆಂಡತಿ ರೋಮ್‌ಗೆ ಹೋಗುತ್ತಿದ್ದೇವೆ. ಸುತ್ತೋಕೆ ಸಿಗೋದು ಒಂದೇ ದಿನ, ಅದೂ ಎರಡನೇ ಭಾನುವಾರ. ಅವತ್ತು ವ್ಯಾಟಿಕನ್ ಮ್ಯೂಸಿಯಂ ರಜೆ, ಅದನ್ನು ಕೈಬಿಟ್ಟೆವು. ಬೆಳಿಗ್ಗೆ ಕೊಲೋಸಿಯಂ, ಅದೇ ಟಿಕೆಟ್‌ನಲ್ಲಿ ರೋಮನ್ ಫೋರಂ. ಆಮೇಲೆ ಪ್ಯಾಂಥಿಯಾನ್, ಟ್ರೆವಿ ಕಾರಂಜಿ ಎಲ್ಲಾ ನಡೆದೇ ನೋಡುತ್ತೇವೆ.

ತಲೆನೋವು ಇರೋದು ಮಧ್ಯಾಹ್ನದ ಮೇಲೆ. ಇವಳಿಗೆ ವ್ಯಾಟಿಕನ್‌ನ ಸೇಂಟ್ ಪೀಟರ್ಸ್ ಚರ್ಚಿನ ಗುಮ್ಮಟ ಹತ್ತಲೇಬೇಕಂತೆ. ಒಟ್ಟು 551 ಮೆಟ್ಟಿಲು. ಲಿಫ್ಟ್‌ನಲ್ಲಿ ಹೋದರೂ 320 ಹತ್ತಬೇಕು. ಮೇಲೆ ಹೋದಂತೆ ದಾರಿ ಇಕ್ಕಟ್ಟು, ಗೋಡೆಯೂ ಒಂದು ಕಡೆ ವಾಲಿರುತ್ತದೆ. ನನಗೋ ಮಂಡಿ ನೋವು! ಹತ್ತಿ ಬಂದವರು ಇದ್ದರೆ ಹೇಳಿ, ನಿಧಾನಕ್ಕೆ ಹತ್ತಿದರೆ ಆಗುತ್ತಾ? ಅಥವಾ ಸುಮ್ನೆ ಕೆಳಗೆ ಕೂತು ಇವಳಿಗೆ ಕಾಯೋದೇ ವಾಸಿನಾ?

ಹಾಗೇ, ಪ್ಯಾಂಥಿಯಾನ್ ಹತ್ತಿರ ಮೊಟ್ಟೆ ಇಲ್ಲದ ಊಟ ಎಲ್ಲಿ ಸಿಗುತ್ತದೆ ಅಂತಲೂ ತಿಳಿಸಿ.